ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ: ಗದಗದ ಒಂದು ಪ್ರೆಸ್ಸಿನ ಝಡ್ ಡ್ರೈವ್ ಪ್ರಕರಣ

ಬುಧವಾರ ಮುಂಜಾನೆ ಹತ್ತರ ಹೊತ್ತಿಗೆ ಗದಗದಿಂದ ಫೋನ್ ಬಂತು. ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹೆಣ್ಣುಮಗಳು. "ಸರ್ರ, ಫೈಲ್ ತೆರಿತೈತ್ರಿ, ಸೇವ್ ಆಗವಲ್ದು. ಹೋದ ವಾರ ನಾನ ಮಾಡಿದ್ದ ಫೈಲ್ರೀ ಇದು. ಈಗ ನನಗ ರೀಡ್ ಓನ್ಲಿ ಅಂತೈತಿ." ಹಿಂದಿನಿಂದ ಮಾಲಕರ ದನಿಯೂ ಕೇಳಿಸಿತು: "ಎಲ್ಲಾರಿಗೂ ಎಲ್ಲಾ ಕೊಟ್ಟೇವ್ರೀ, ಆದ್ರೂ ಯಾಕ ಹಿಂಗ?"

ಎಲ್ಲರಿಗೂ ಎಲ್ಲ ಕೊಟ್ಟಿದ್ದೇವೆ ಅನ್ನುವ ಆ ಮಾತು ನನಗೆ ಚಿಂತೆ ಹಚ್ಚಿತು. ಫೋನಿನಲ್ಲಿ ಬಗೆಹರಿಯುವ ಕೆಲಸ ಇದಲ್ಲ ಅನ್ನಿಸಿತು. ಹುಬ್ಬಳ್ಳಿಯಿಂದ ಬಸ್ ಹತ್ತಿದೆ. ಹೊರಡುವ ಮುಂಚೆ ಒಂದೇ ಮಾತು ಹೇಳಿದೆ: ನಾನು ಬರುವವರೆಗೆ ಸರ್ವರ್‌ನಲ್ಲಿ ಯಾರೂ ಏನೂ ಬದಲಿಸಬೇಡಿ, ಯಾವ ಫೈಲನ್ನೂ ಅಳಿಸಬೇಡಿ.

ಮೊದಲು ಆ ಪ್ರೆಸ್ಸಿನ ವ್ಯವಸ್ಥೆ ಹೇಳಿಬಿಡುತ್ತೇನೆ. ಗದಗ ಮುದ್ರಣಕ್ಕೆ ಹೆಸರಾದ ಊರು. ಇದು ಅಲ್ಲಿನ ಒಂದು ಚಿಕ್ಕ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ದೇವಸ್ಥಾನದ ಕರಪತ್ರ, ವರ್ಷಕ್ಕೆ ನಾಲ್ಕಾರು ಪುಸ್ತಕ. ಏಳು ಕಂಪ್ಯೂಟರ್, ಎಲ್ಲದರಲ್ಲೂ ವಿಂಡೋಸ್. ಮೂಲೆಯ ಮೇಜಿನ ಕೆಳಗೆ ಒಂದು ಹಳೆಯ ಡೆಸ್ಕ್‌ಟಾಪ್ ಸರ್ವರ್ ಆಗಿ ಕೂತಿದೆ. ಅದರಲ್ಲಿ ಉಬುಂಟು ಅನ್ನುವ ಲಿನಕ್ಸ್, ಅದರ ಮೇಲೆ ಸಾಂಬಾ. ಲಿನಕ್ಸ್ ಯಂತ್ರದ ಡಿಸ್ಕನ್ನು ವಿಂಡೋಸ್ ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಡ್ರೈವ್ ಆಗಿ ತೋರಿಸುವ ಸಾಫ್ಟ್‌ವೇರ್ ಅದು. 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರುಮಾಡಿದ ಈ ಕೆಲಸ ಇವತ್ತಿಗೂ ಎಷ್ಟೋ ಸಣ್ಣ ಆಫೀಸುಗಳನ್ನು ನಡೆಸುತ್ತಿದೆ. ಪ್ರೆಸ್ಸಿನವರಿಗೆ ಮಾತ್ರ ಅದು ಸುಮ್ನೆ "ಝಡ್ ಡ್ರೈವ್".

ಕೆಲಸ ಸಾಗುವ ದಾರಿ ಹೀಗೆ. ಪತ್ರಿಕೆಯ ಮಜಕೂರು ವರ್ಡ್‌ನಲ್ಲಿ ಟೈಪ್ ಆಗುತ್ತದೆ. ಪ್ರೂಫ್ ತಿದ್ದುವವರು ಅದನ್ನು ನೋಡುತ್ತಾರೆ. ತಿದ್ದಿದ ಮಜಕೂರು ಕೋರೆಲ್‌ಗೆ ಹೋಗುತ್ತದೆ, ಅಲ್ಲಿಂದ ಪ್ಲೇಟ್‌ಗೆ. ಒಂದೇ ಫೈಲ್ ಮೂರ್ನಾಲ್ಕು ಜನರ ಕೈ ದಾಟುತ್ತದೆ. ಹಾಗಾಗಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲು ಬರಲೇಬೇಕು.

ಹಿಂದಿನ ಶನಿವಾರ ಹಳೆಯ ಡಿಸ್ಕ್ ತುಂಬಿತ್ತು. ಮಾಲಕರ ತಂಗಿಯ ಮಗ ಬಿ.ಇ. ಓದುತ್ತಿರುವ ಹುಡುಗ. ರಜೆಗೆ ಬಂದವನು ಹೊಸ ಡಿಸ್ಕ್ ಹಾಕಿ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿದ. ಸೆಟ್ಟಿಂಗ್ ಫೈಲ್‌ನಲ್ಲಿ ಹೊಸ ಡಿಸ್ಕಿಗೆ ಹೊಸ ಶೇರ್, ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಫೋಲ್ಡರ್, ಬರೆದ. ಸಂಜೆ ನೋಡಿದರೆ ಯಾರಿಗೂ ಏನೂ ಸೇವ್ ಆಗುತ್ತಿಲ್ಲ. ಭಾನುವಾರ ಕೂತು, ಇಂಟರ್‌ನೆಟ್‌ನಲ್ಲಿ ಎಲ್ಲ ಕಡೆ ಸಿಗುವ ಆ ಒಂದು ಸಾಲನ್ನು ಕೊಟ್ಟ: ಇಡೀ ಶೇರ್‌ಗೆ, ಒಳಗಿನ ಎಲ್ಲ ಫೋಲ್ಡರ್‌ಗಳಿಗೂ ಸೇರಿಸಿ, ಚ್‌ಮಾಡ್ 777. ಪರ್ಮಿಷನ್ ಬದಲಿಸುವ ಕಮ್ಯಾಂಡ್ ಅದು, 777 ಅಂದರೆ ಎಲ್ಲರಿಗೂ ಎಲ್ಲ ಅನುಮತಿ. ಮಾಲಕರ ಕಂಪ್ಯೂಟರ್‌ನಿಂದ ಪರೀಕ್ಷಿಸಿದ. ಫೈಲ್ ತೆರೆಯಿತು, ಸೇವ್ ಆಯಿತು. ಎಲ್ಲ ಸರಿ ಅಂದುಕೊಂಡು ಸೋಮವಾರ ಕಾಲೇಜಿಗೆ ಹೋದ.

ಸೋಮವಾರ ಅರ್ಧ ದಿನ ಸರಿಯಾಗಿಯೇ ನಡೆಯಿತಂತೆ. ಮಧ್ಯಾಹ್ನದಿಂದ ಒಂದೊಂದೇ ಫೈಲ್ ಮುಷ್ಕರ ಹೂಡಿದವು. ಮಂಗಳವಾರ ಜಾಸ್ತಿಯಾಯಿತು. ಬುಧವಾರದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರೂ "ಸೇವ್ ಆ್ಯಸ್" ಕೊಟ್ಟು ಬೇರೆ ಹೆಸರಿನಲ್ಲಿ ಇಟ್ಟುಕೊಂಡು ದಿನ ದೂಡುತ್ತಿದ್ದರು. ಒಂದೇ ಪತ್ರಿಕೆಗೆ "ಫೈನಲ್", "ಫೈನಲ್ 2", "ಫೈನಲ್ ಹೊಸತು", "ಫೈನಲ್ ಅಕ್ಕ ತಿದ್ದಿದ್ದು".

ನಾನು ಪ್ರೆಸ್ಸಿನ ಮೆಟ್ಟಿಲು ಹತ್ತುವಾಗ ಕೌಂಟರ್ ಮುಂದೆ ಮುಂಡರಗಿ ಕಡೆಯ ಒಬ್ಬರು ನಿಂತಿದ್ದರು. ಮಗಳ ಮದುವೆಯ ಪತ್ರಿಕೆ ಒಯ್ಯಲು ಬಂದವರು. ಕೈಯಲ್ಲಿ ಒಂದು ಪತ್ರಿಕೆ ಹಿಡಿದುಕೊಂಡು ಸುಮ್ಮನೆ ಅದನ್ನೇ ನೋಡುತ್ತಿದ್ದರು. ಅಕ್ಷತೆ ಮುಹೂರ್ತ 11.40 ಅಂತ ಛಾಪಾಗಿತ್ತು. ಅವರು ಪ್ರೂಫಿನಲ್ಲಿ ತಿದ್ದಿ ಬರೆದುಕೊಟ್ಟದ್ದು 10.40. ನಾನೂರು ಪ್ರತಿ. ತಿದ್ದುಪಡಿ ನಿಜವಾಗಿಯೂ ಆಗಿತ್ತು. ಆದರೆ "ಫೈನಲ್ 2" ಅನ್ನುವ ಪ್ರತಿಯಲ್ಲಿ. ಪ್ಲೇಟ್‌ಗೆ ಹೋದದ್ದು ಹಳೆಯ ಹೆಸರಿನ ಪ್ರತಿ.

ಮಾಲಕರು ಒಂದು ಮಾತೂ ವಾದ ಮಾಡಲಿಲ್ಲ. ರಾತ್ರಿಯೇ ಮರುಮುದ್ರಣ ಮಾಡಿ ಮುಂಜಾನೆ ಬಸ್ಸಿಗೆ ಹಾಕುತ್ತೇವೆ ಅಂದರು. ಪರ್ಮಿಷನ್ ತೊಂದರೆಯನ್ನು ಜನ ಬರೀ ತಾಂತ್ರಿಕ ಕಿರಿಕಿರಿ ಅಂದುಕೊಳ್ಳುತ್ತಾರೆ. ಒಂದು ಮನೆಯ ಮುಹೂರ್ತ ಒಂದು ಗಂಟೆ ಮುಂದೆ ಹೋಗಿ ಛಾಪಾದದ್ದನ್ನು ಆ ತಂದೆಯ ಕೈಯಲ್ಲೇ ನೋಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ.

ಅಳಿಸಬಹುದು, ತಿದ್ದಲಾಗದು

ನಾನು ಮೊದಲು ಸರ್ವರ್ ಮುಂದೆ ಕೂರುವುದಿಲ್ಲ. ತೊಂದರೆ ಆದವರ ಕುರ್ಚಿಯ ಪಕ್ಕ ಕೂರುತ್ತೇನೆ. ಸರ್ವರ್‌ಗೆ ಅವರು ಯಾರಾಗಿ ಕಾಣುತ್ತಿದ್ದಾರೆ ಅನ್ನುವುದು ಮೊದಲ ಪ್ರಶ್ನೆ. ಎಷ್ಟೋ ಸಲ ವಿಂಡೋಸ್ ಹಳೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ಬೇರೆ ಯಾರದೋ ಹೆಸರಿನಲ್ಲಿ ಒಳಗೆ ಹೋಗಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಸಾಂಬಾ ಸ್ಟೇಟಸ್ ನೋಡಿದರೆ ಡಿಟಿಪಿಯ ಆಕೆ ತನ್ನದೇ ಹೆಸರಿನಲ್ಲಿ ಇದ್ದಳು.

ಆಮೇಲೆ ಆಕೆಯಿಂದ ನಾಲ್ಕು ಕೆಲಸ ಮಾಡಿಸಿದೆ. ಲಗ್ನಪತ್ರಿಕೆ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡು ಅಂದೆ. ಆಯಿತು. ಪಕ್ಕದವನು ಆಗಷ್ಟೇ ಮಾಡಿದ ಒಂದು ಪರೀಕ್ಷೆಯ ಫೈಲನ್ನು ತೆರೆ ಅಂದೆ. ತೆರೆಯಿತು. ಅದರಲ್ಲಿ ಒಂದು ಅಕ್ಷರ ತಿದ್ದು ಅಂದೆ. ಆಗಲಿಲ್ಲ. ಅದನ್ನು ಅಳಿಸು ಅಂದೆ. ಅಳಿಸಿಹೋಯಿತು!

ಆಕೆ ನನ್ನ ಮುಖ ನೋಡಿದಳು. ತಿದ್ದಲು ಬಿಡದ ಫೈಲನ್ನು ಅಳಿಸಲು ಬಿಡುತ್ತದೆ ಅಂದರೆ ಯಾರಿಗಾದರೂ ವಿಚಿತ್ರವೇ ಅಲ್ವಾ? ಆದರೆ ನನಗೆ ಗಟ್ಟಿ ಸುಳಿವು ಸಿಕ್ಕದ್ದು ಅಲ್ಲೇ. ಲಿನಕ್ಸ್‌ನಲ್ಲಿ ಫೈಲಿನ ಒಳಗೆ ಬರೆಯಲು ಆ ಫೈಲಿನ ಪರ್ಮಿಷನ್ ಬೇಕು. ಅದನ್ನು ಅಳಿಸಲು, ಹೆಸರು ಬದಲಿಸಲು, ಹೊಸದನ್ನು ಇಡಲು ಫೋಲ್ಡರ್‌ನ ಪರ್ಮಿಷನ್ ಬೇಕು. ಫೋಲ್ಡರ್ ಅಂದರೆ ಹೆಸರುಗಳ ಪಟ್ಟಿ. ಅಳಿಸುವುದು ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕುವ ಕೆಲಸ, ಫೈಲನ್ನು ಮುಟ್ಟುವ ಕೆಲಸ ಅಲ್ಲ. ಇಲ್ಲಿ ಫೋಲ್ಡರ್ 777 ಆಗಿ ಬಾಯಿ ತೆರೆದುಕೊಂಡಿತ್ತು. ಫೈಲ್ ಮಾತ್ರ ಮುಚ್ಚಿಕೊಂಡಿತ್ತು.

ಈಗ ಸರ್ವರ್‌ನಲ್ಲಿ ಪಟ್ಟಿ ತೆಗೆದು ನೋಡಿದೆ. ಎರಡು ಜಾತಿಯ ಫೈಲ್‌ಗಳು ಕಂಡವು. ಶನಿವಾರ ಕಾಪಿಯಾಗಿ ಬಂದು ಆಮೇಲೆ ಯಾರೂ ಮುಟ್ಟದವು: ಓನರ್ ರೂಟ್ (ಸರ್ವರ್‌ನಲ್ಲಿ ಎಲ್ಲ ಅಧಿಕಾರ ಇರುವ ಖಾತೆ), ಗುಂಪು ರೂಟ್, ಪರ್ಮಿಷನ್ 777. ಸೋಮವಾರದಿಂದ ಈಚೆಗಿನವು: ಓನರ್ ಆ ಫೈಲ್ ಮಾಡಿದವರು, ಗುಂಪು ಅವರ ಸ್ವಂತ ಗುಂಪು, ಪರ್ಮಿಷನ್ 744.

ಈ ಅಂಕಿ ಓದುವುದು ಸುಲಭ. 4 ಅಂದರೆ ಓದಬಹುದು, 2 ಅಂದರೆ ಬರೆಯಬಹುದು, 1 ಅಂದರೆ ಪ್ರೋಗ್ರಾಂ ಆಗಿ ಓಡಿಸಬಹುದು. ಫೋಲ್ಡರ್ ಆದರೆ 1 ಅಂದರೆ ಒಳಗೆ ದಾಟಬಹುದು. ಮೂರನ್ನೂ ಕೂಡಿದರೆ 7. ಮೊದಲ ಅಂಕಿ ಓನರ್‌ಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. 744 ಅಂದರೆ ಮಾಡಿದವರು ಏನು ಬೇಕಾದರೂ ಮಾಡಬಹುದು, ಮಿಕ್ಕವರೆಲ್ಲ ಓದಬಹುದು ಅಷ್ಟೇ. ಮುಂಜಾನೆ ಫೋನಿನಲ್ಲಿ ಕೇಳಿದ ಮಾತು ಇದೇ: ತೆರೆಯುತ್ತದೆ, ಸೇವ್ ಆಗುವುದಿಲ್ಲ.

ಆದರೆ 777 ಕೊಟ್ಟಿದ್ದರಲ್ಲ, ಮತ್ತೆ 744 ಎಲ್ಲಿಂದ ಬಂತು?

ಚ್‌ಮಾಡ್ ಆ ಕ್ಷಣಕ್ಕೆ ಇರುವ ಫೈಲ್‌ಗಳಿಗೆ ಮಾತ್ರ. ನಾಳೆ ಹುಟ್ಟುವ ಫೈಲಿಗೆ ಅದು ಏನನ್ನೂ ಹೇಳುವುದಿಲ್ಲ. ವಿಂಡೋಸ್‌ನಿಂದ ಹೊಸ ಫೈಲ್ ಬಂದಾಗ ಅದಕ್ಕೆ ಯಾವ ಅಂಕಿ ಹಾಕಬೇಕು ಅನ್ನುವುದನ್ನು ಸಾಂಬಾದ ಕ್ರಿಯೇಟ್ ಮಾಸ್ಕ್ ತೀರ್ಮಾನಿಸುತ್ತದೆ. ನೀವೇನೂ ಬರೆಯದಿದ್ದರೆ ಸಾಂಬಾ ತಾನೇ ಇಟ್ಟುಕೊಳ್ಳುವ ಬೆಲೆ 0744. ಫೋಲ್ಡರ್‌ಗೆ ಡೈರೆಕ್ಟರಿ ಮಾಸ್ಕ್, ಅದರ ಬೆಲೆ 0755. ಅಂದರೆ ಒಬ್ಬರು ಮಾಡಿದ ಹೊಸ ಫೋಲ್ಡರ್‌ನಲ್ಲಿ ಇನ್ನೊಬ್ಬರು ಫೈಲ್ ಇಡಲೂ ಆಗುವುದಿಲ್ಲ. ಒಂದು ಕಡೆ ಆಗುತ್ತದೆ, ಇನ್ನೊಂದು ಕಡೆ ಆಗುವುದಿಲ್ಲ ಅಂತ ಅವರು ಗೊಂದಲಗೊಂಡದ್ದು ಇದಕ್ಕೇ.

ಸೆಟ್ಟಿಂಗ್ ಫೈಲ್ ತೆರೆದೆ. ಹಳೆಯ ಶೇರ್‌ನ ಭಾಗ ಇನ್ನೂ ಅಲ್ಲೇ ಇತ್ತು. ಅದರಲ್ಲಿ ಕ್ರಿಯೇಟ್ ಮಾಸ್ಕ್ 0664, ಡೈರೆಕ್ಟರಿ ಮಾಸ್ಕ್ 2775 ಅಂತ ಬರೆದಿತ್ತು. ಹೊಸ ಭಾಗದಲ್ಲಿ ಡಿಸ್ಕ್ ದಾರಿ, ಬರೆಯಲು ಅನುಮತಿ, ಅಷ್ಟೇ. ಆ ಎರಡು ಸಾಲು ಬಿಟ್ಟುಹೋಗಿದ್ದವು.

ಬಿಟ್ಟುಹೋದದ್ದು ಇನ್ನೊಂದೂ ಇತ್ತು. 2775ರ ಮುಂದಿನ ಆ 2ಕ್ಕೆ ಸೆಟ್‌ಜಿಐಡಿ ಅನ್ನುತ್ತಾರೆ. ಫೋಲ್ಡರ್ ಮೇಲೆ ಅದು ಇದ್ದರೆ ಒಳಗೆ ಯಾರೇ ಫೈಲ್ ಮಾಡಲಿ, ಆ ಫೈಲ್ ಫೋಲ್ಡರ್‌ನ ಗುಂಪಿಗೆ ಸೇರುತ್ತದೆ. ಇಲ್ಲದಿದ್ದರೆ ಮಾಡಿದವರ ಸ್ವಂತ ಗುಂಪಿಗೆ ಹೋಗುತ್ತದೆ. ಉಬುಂಟುವಿನಲ್ಲಿ ಸ್ವಂತ ಗುಂಪು ಅಂದರೆ ಅವರೊಬ್ಬರೇ ಇರುವ ಗುಂಪು. ಹಳೆಯ ಡಿಸ್ಕಿನಲ್ಲಿ ಎಲ್ಲ ಫೋಲ್ಡರ್‌ಗಳೂ "ಪ್ರೆಸ್" ಅನ್ನುವ ಗುಂಪಿನಲ್ಲಿದ್ದವು, ಸೆಟ್‌ಜಿಐಡಿ ಸಮೇತ. ಹುಡುಗ ಕಾಪಿ ಮಾಡುವಾಗ ರೂಟ್ ಆಗಿ ಬರೀ ಸಿಪಿ ಮೈನಸ್ ಆರ್ ಅನ್ನುವ ಕಾಪಿ ಕಮ್ಯಾಂಡ್ ಕೊಟ್ಟಿದ್ದ. ಅದು ಒಳಗಿನದ್ದನ್ನೆಲ್ಲ ತರುತ್ತದೆ, ಯಾರದ್ದು ಅನ್ನುವುದನ್ನು ತರುವುದಿಲ್ಲ. ಮೈನಸ್ ಎ ಕೊಟ್ಟಿದ್ದರೆ ಓನರ್, ಗುಂಪು, ಆ 2 ಎಲ್ಲವೂ ಜೊತೆಗೇ ಬರುತ್ತಿದ್ದವು.

ಮೊದಲು ಸೇವ್ ಮಾಡಿದವರ ಪಾಲು

ಇಷ್ಟಾದರೂ ಒಂದು ಗಂಟು ಉಳಿದಿತ್ತು. ಹೊಸ ಫೈಲ್‌ಗಳ ಕಥೆ ಸರಿ. ಆದರೆ ಆಕೆ ಹೇಳಿದ್ದು ಹೋದ ವಾರದ ಫೈಲ್ ಬಗ್ಗೆ. ಅದು 777 ಆಗಿತ್ತಲ್ಲ? ಅದು ಯಾಕೆ ಮುಚ್ಚಿಕೊಂಡಿತು?

ಇದನ್ನು ಅಲ್ಲೇ ಮಾಡಿ ತೋರಿಸಿದೆ. ಯಾರೂ ಮುಟ್ಟದ ಒಂದು ಎಕ್ಸೆಲ್ ಫೈಲಿನ ನಕಲು ಮಾಡಿ, ಅದಕ್ಕೂ ರೂಟ್ ಓನರ್, 777 ಇರುವಂತೆ ನೋಡಿಕೊಂಡೆ. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಐನೋಡ್ ಅನ್ನುವ ನಂಬರ್ ಇರುತ್ತದೆ. ಹೆಸರು ಬದಲಾದರೂ ಆ ನಂಬರ್ ಬದಲಾಗುವುದಿಲ್ಲ. ಅದನ್ನು ಕಾಗದದ ಮೇಲೆ ಬರೆದುಕೊಂಡೆ. ಆಮೇಲೆ ಪಕ್ಕದ ಹುಡುಗನಿಗೆ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಒಂದು ಅಂಕಿ ಬದಲಿಸಿ ಸೇವ್ ಮಾಡಲು ಹೇಳಿದೆ. ಆಯಿತು. ಮತ್ತೆ ಪಟ್ಟಿ ತೆಗೆದೆ. ಹೆಸರು ಅದೇ. ಐನೋಡ್ ಬೇರೆ. ಓನರ್ ಆ ಹುಡುಗ. ಪರ್ಮಿಷನ್ 744.

ವರ್ಡ್, ಎಕ್ಸೆಲ್ ಸೇವ್ ಮಾಡುವ ರೀತಿಯೇ ಹಾಗೆ. ಅವು ಹಳೆಯ ಫೈಲಿನ ಮೇಲೆ ಬರೆಯುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನ ಹೊಸ ಫೈಲ್ ಮಾಡುತ್ತವೆ. ಪೂರ್ತಿ ಬರೆದಾದ ಮೇಲೆ ಹಳೆಯದನ್ನು ತೆಗೆದು ಹೊಸದಕ್ಕೆ ಹಳೆಯ ಹೆಸರು ಇಡುತ್ತವೆ. ನಡುವೆ ಕರೆಂಟ್ ಹೋದರೂ ಹಳೆಯ ಪ್ರತಿ ಉಳಿಯಲಿ ಅನ್ನುವುದಕ್ಕೆ ಇದು ಒಳ್ಳೆಯ ಏರ್ಪಾಡು. ಆದರೆ ಸಾಂಬಾ ಕಣ್ಣಿಗೆ ಅದು ಹೊಸದಾಗಿ ಹುಟ್ಟಿದ ಫೈಲ್. ಹೊಸ ಫೈಲಿಗೆ ಹೊಸ ಓನರ್, ಹೊಸ ಅಂಕಿ.

ಅಂದರೆ ಭಾನುವಾರದ 777 ಪ್ರತಿ ವರ್ಡ್ ಫೈಲಿಗೂ ಒಂದೇ ಒಂದು ಸೇವ್‌ವರೆಗೆ ಕೆಲಸ ಮಾಡಿತು. ಮೊದಲು ಯಾರು ಸೇವ್ ಮಾಡಿದರೋ ಫೈಲ್ ಅವರ ಪಾಲಾಯಿತು. ಆಮೇಲೆ ಬಂದವರಿಗೆ ರೀಡ್ ಓನ್ಲಿ. ಸೋಮವಾರ ಅರ್ಧ ದಿನ ಎಲ್ಲ ಸರಿ ಇದ್ದದ್ದು, ಮಧ್ಯಾಹ್ನದಿಂದ ಒಂದೊಂದಾಗಿ ಕೆಟ್ಟದ್ದು, ಭಾನುವಾರ ಮಾಲಕರ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಪಾಸಾದದ್ದು, ಎಲ್ಲಕ್ಕೂ ಇದೊಂದೇ ಉತ್ತರ. ಶೇರ್ ಸರಿಯಾಯಿತೋ ಇಲ್ಲವೋ ಅಂತ ಒಬ್ಬರೇ ಕೂತು ನೋಡಿದರೆ ತಿಳಿಯುವುದಿಲ್ಲ. ಒಬ್ಬರು ಸೇವ್ ಮಾಡಬೇಕು, ಇನ್ನೊಬ್ಬರು ಅದನ್ನೇ ತೆರೆದು ಸೇವ್ ಮಾಡಬೇಕು, ಮತ್ತೆ ಮೊದಲಿನವರು ಸೇವ್ ಮಾಡಬೇಕು. ನಾನು ಈಗ ಎಲ್ಲ ಕಡೆ ಹೀಗೇ ಪರೀಕ್ಷೆ ಮಾಡುತ್ತೇನೆ.

777ರಿಂದ ಆದ ಇನ್ನೊಂದು ಕೆಡುಕನ್ನು ಹೇಳಲೇಬೇಕು. ಅದೇ ಶೇರ್‌ನಲ್ಲಿ "ಲೆಕ್ಕ" ಅನ್ನುವ ಫೋಲ್ಡರ್ ಇತ್ತು. ಮಾಲಕರು ಮತ್ತು ಬಿಲ್ಲಿಂಗ್ ನೋಡುವ ಅಕ್ಕ ಇಬ್ಬರಿಗೆ ಮಾತ್ರ. ಪಗಾರದ ಪಟ್ಟಿ, ಯಾರ್‍ಯಾರು ಎಷ್ಟು ಮುಂಗಡ ತೆಗೆದುಕೊಂಡಿದ್ದಾರೆ ಅನ್ನುವ ಲೆಕ್ಕ ಎಲ್ಲ ಅದರಲ್ಲಿ. ಮೂರು ದಿನ ಅದು ಎಲ್ಲರ ಮುಂದೆ ತೆರೆದು ಬಿದ್ದಿತ್ತು. ಯಾರಾದರೂ ನೋಡಿದರೋ ಇಲ್ಲವೋ, ಅಕ್ಕನ ಮುಖ ಮಾತ್ರ ಬಾಡಿಹೋಯಿತು. ಮನೆಯಲ್ಲಿ ಮದುವೆ ಅಂತ ಮುಂಗಡ ಕೇಳಿದವರ ಹೆಸರು ಆ ಪಟ್ಟಿಯಲ್ಲಿ ಇರುತ್ತದೆ. ಅದು ಅವರ ಮಾನದ ಪ್ರಶ್ನೆ. "ಎಲ್ಲರಿಗೂ ಎಲ್ಲ ಕೊಟ್ಟೆ" ಅನ್ನುವಾಗ ಇದೂ ಅದರಲ್ಲಿ ಸೇರಿಕೊಂಡುಬಿಡುತ್ತದೆ.

ಸರಿಪಡಿಸುವ ಮುಂಚೆ ಬರೆದಿಟ್ಟುಕೊಂಡೆ

ಮಾಲಕರ ತಂಗಿಯ ಮಗ ಒಂದು ಒಳ್ಳೆಯ ಕೆಲಸ ಮಾಡಿದ್ದ. ಹಳೆಯ ಡಿಸ್ಕಿನಿಂದ ಮೂವ್ ಮಾಡಿರಲಿಲ್ಲ, ಕಾಪಿ ಮಾಡಿದ್ದ. ಹಳೆಯದು ಹಾಗೇ ಇತ್ತು. ಯಾರ ಫೈಲ್, ಯಾವ ಗುಂಪು, ಯಾವ ಅಂಕಿ, ಎಲ್ಲ ಅದರಲ್ಲಿ ಅಚ್ಚಳಿಯದೆ ಉಳಿದಿತ್ತು. ಇದಕ್ಕಾಗಿ ನಾನು ಅವನಿಗೆ ಫೋನ್ ಮಾಡಿ ಭೇಷ್ ಅಂದೆ. ಅವನು ಹೆದರಿಕೊಂಡಿದ್ದ.

ಲಿನಕ್ಸ್‌ನಲ್ಲಿ ಗೆಟ್‌ಎಫ್‌ಎಸಿಎಲ್, ಸೆಟ್‌ಎಫ್‌ಎಸಿಎಲ್ ಅನ್ನುವ ಜೋಡಿ ಕಮ್ಯಾಂಡ್‌ಗಳಿವೆ. ಮೊದಲನೆಯದು ಒಂದು ಫೋಲ್ಡರ್‌ನ ಕೆಳಗಿನ ಎಲ್ಲದರ ಓನರ್, ಗುಂಪು, ಪರ್ಮಿಷನ್, ಸೆಟ್‌ಜಿಐಡಿ ಸಮೇತ ಒಂದು ಪಠ್ಯ ಫೈಲಿಗೆ ಬರೆದುಕೊಡುತ್ತದೆ. ಎರಡನೆಯದಕ್ಕೆ ರಿಸ್ಟೋರ್ ಅಂತ ಹೇಳಿ ಆ ಪಟ್ಟಿ ಕೊಟ್ಟರೆ, ಹೆಸರು ಹುಡುಕಿ ಹುಡುಕಿ ಎಲ್ಲವನ್ನೂ ಮೊದಲಿನಂತೆ ಮಾಡುತ್ತದೆ. ರೂಟ್ ಆಗಿ ಓಡಿಸಬೇಕು. ಇಂಥ ಒಂದು ಸಾಧನ ಇದೆ ಅನ್ನುವುದು ಇಂಥ ಕೆಲಸ ಮಾಡುವವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದರೆ ಒಂದೊಂದೇ ಫೋಲ್ಡರ್‌ಗೆ ಕೈಯಿಂದ ಅಂಕಿ ಹಾಕುತ್ತ ರಾತ್ರಿ ಕಳೆಯಬೇಕಾಗಿಲ್ಲ.

ಆದರೆ ರಿಸ್ಟೋರ್ ಮಾಡುವ ಮುಂಚೆ ಕೆಟ್ಟುಹೋದ ಹೊಸ ಡಿಸ್ಕಿನ ಪಟ್ಟಿಯನ್ನೂ ತೆಗೆದಿಟ್ಟೆ. ಏನಾದರೂ ತಪ್ಪಿದರೆ ಹಿಂದೆ ಬರಲು ಒಂದು ದಾರಿ ಇರಲಿ ಅಂತ. ಅದು ಇನ್ನೊಂದು ರೀತಿಯಲ್ಲೂ ಕೆಲಸಕ್ಕೆ ಬಂತು. ಹೇಗೆ ಅಂದರೆ, ಆ ಮೂರು ದಿನ ಯಾರು ಯಾವ ಪ್ರತಿ ಕೊನೆಗೆ ಸೇವ್ ಮಾಡಿದರು ಅನ್ನುವುದು ಓನರ್ ಹೆಸರಿನಲ್ಲಿ ದಾಖಲಾಗಿತ್ತು. "ಫೈನಲ್ 2" ಮಾಡಿದ್ದು ಯಾರು, "ಫೈನಲ್ ಹೊಸತು" ಯಾರದ್ದು, ಎಲ್ಲ ಅದರಲ್ಲಿತ್ತು. ಹಳೆಯ ಹೆಸರಿನ ಫೈಲ್‌ಗಳ ವಿಷಯದಲ್ಲಿ ರಿಸ್ಟೋರ್ ಕೊಟ್ಟ ಕ್ಷಣ ಆ ಸಾಕ್ಷಿ ಅಳಿಸಿಹೋಗುತ್ತಿತ್ತು.

ಸಂಜೆ ಏಳಕ್ಕೆ ಎಲ್ಲರೂ ಫೈಲ್ ಮುಚ್ಚಿದ ಮೇಲೆ ಶುರುಮಾಡಿದೆ. ಮೊದಲು ಟೆಸ್ಟ್ ಆಯ್ಕೆ ಕೊಟ್ಟು ಏನು ಬದಲಾಗುತ್ತದೆ ಅಂತ ಸುಮ್ನೆ ನೋಡಿದೆ. ಆಮೇಲೆ ನಿಜವಾಗಿ ಓಡಿಸಿದೆ. ಹಳೆಯ ಪಟ್ಟಿಯಲ್ಲಿದ್ದ ಹೆಸರುಗಳೆಲ್ಲ ಸರಿಯಾದವು. ಲೆಕ್ಕದ ಫೋಲ್ಡರ್ ಮತ್ತೆ 2770 ಆಗಿ ಇಬ್ಬರಿಗೆ ಸೇರಿತು. ಅಷ್ಟಾದ ಮೇಲೂ ಪ್ರೆಸ್ ಗುಂಪಿಗಾಗಲಿ ಲೆಕ್ಕದ ಗುಂಪಿಗಾಗಲಿ ಸೇರದೆ ಉಳಿದದ್ದೆಲ್ಲ ಸೋಮವಾರದಿಂದ ಈಚೆಗೆ ಹುಟ್ಟಿದ್ದು. ಅವನ್ನು ಫೈಂಡ್ ಕೊಟ್ಟು ಹುಡುಕಿ ಸರಿಯಾದ ಗುಂಪು, ಅಂಕಿ ಎರಡನ್ನೂ ಹಾಕಿದೆ. ಹೊಸ ಶೇರ್‌ಗೆ ಬಿಟ್ಟುಹೋದ ಎರಡು ಮಾಸ್ಕ್ ಸಾಲು ಸೇರಿಸಿದೆ. ಟೆಸ್ಟ್‌ಪಾರ್ಮ್ ಕೊಟ್ಟು ಸೆಟ್ಟಿಂಗ್ ಸರಿ ಇದೆಯೇ ನೋಡಿದೆ. ಸಾಂಬಾ ಮತ್ತೆ ಶುರುಮಾಡಿದೆ. ಕಮ್ಯಾಂಡ್ ಕೆಲಸ ಎಲ್ಲ ಸೇರಿ ಅರ್ಧ ತಾಸು ಹಿಡಿಯಿತು.

ಗುರುವಾರ ಮುಂಜಾನೆ ಮೂವರನ್ನು ಕೂರಿಸಿ ಸುತ್ತು ಪರೀಕ್ಷೆ ಮಾಡಿದೆ. ಮೂವರೂ ಒಂದೇ ಫೈಲನ್ನು ಒಬ್ಬರಾದ ಮೇಲೆ ಒಬ್ಬರು ತಿದ್ದಿದರು. ನಾಲ್ಕನೆಯವನಿಗೆ ಆಗಲಿಲ್ಲ. ಅವನು ಸೋಮವಾರವಷ್ಟೇ ಕೆಲಸಕ್ಕೆ ಸೇರಿದವನು. ಪ್ರೆಸ್ ಗುಂಪಿಗೆ ಅವನ ಹೆಸರನ್ನು ಯಾರೂ ಸೇರಿಸಿರಲೇ ಇಲ್ಲ. 777 ಇದ್ದಾಗ "ಉಳಿದವರು" ಅನ್ನುವ ಲೆಕ್ಕದಲ್ಲಿ ಅವನೂ ನುಸುಳಿಬಿಟ್ಟಿದ್ದ. ಗುಂಪಿಗೆ ಸೇರಿಸಿದೆ. ಆದರೂ ಆಗಲಿಲ್ಲ! ಕಾರಣ, ಯಾವ ಗುಂಪಿನಲ್ಲಿದ್ದಾನೆ ಅನ್ನುವುದನ್ನು ಸರ್ವರ್ ಅವನು ಒಳಗೆ ಬರುವಾಗ ಒಮ್ಮೆ ನೋಡಿಕೊಳ್ಳುತ್ತದೆ. ಆಮೇಲೆ ಮತ್ತೆ ಕೇಳುವುದಿಲ್ಲ. ವಿಂಡೋಸ್‌ನಿಂದ ಸೈನ್ ಔಟ್ ಆಗಿ ಬಂದ ಮೇಲೆ ಸೇವ್ ಆಯಿತು. ಗುಂಪಿಗೆ ಸೇರಿಸುವ ಯೂಸರ್‌ಮಾಡ್ ಕಮ್ಯಾಂಡ್‌ನಲ್ಲಿ ಮೈನಸ್ ಎ ಮರೆಯಬಾರದು. ಮರೆತರೆ ಅವರಿದ್ದ ಬೇರೆ ಹೆಚ್ಚುವರಿ ಗುಂಪುಗಳೆಲ್ಲ ಕಳಚಿಬೀಳುತ್ತವೆ.

ಪ್ರತಿಗಳನ್ನು ಹೊಂದಿಸುವ ಕೆಲಸ ಮಾತ್ರ ಗುರುವಾರ ಇಡೀ ದಿನ, ಶುಕ್ರವಾರ ಅರ್ಧ ದಿನ ಹಿಡಿಯಿತು. ತೆಗೆದಿಟ್ಟ ಪಟ್ಟಿಯನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದೆವು. ಡಿಟಿಪಿಯ ಆಕೆ ಕೈಬರಹದ ಪ್ರೂಫ್ ಹಾಳೆಗಳನ್ನು ಹಿಡಿದುಕೊಂಡು ಒಂದೊಂದೇ ಪತ್ರಿಕೆ ಓದಿದಳು. ಯಾವ ಪ್ರತಿಯಲ್ಲಿ ಯಾವ ತಿದ್ದುಪಡಿ ಇದೆ ಅಂತ ಗುರುತು ಹಾಕಿದಳು. ಇನ್ನೂ ಎರಡು ಪತ್ರಿಕೆ ತಪ್ಪು ಪ್ರತಿಯಿಂದ ಪ್ಲೇಟ್‌ಗೆ ಹೋಗುವುದರಲ್ಲಿದ್ದವು. ಒಂದರಲ್ಲಿ ವರನ ಅಜ್ಜನ ಹೆಸರಿನ ಮುಂದೆ "ದಿ." ಬಿಟ್ಟುಹೋಗಿತ್ತು. ಅವನ್ನು ಮಷಿನ್ ಏರುವ ಮುಂಚೆ ಹಿಡಿದದ್ದು ಆಕೆಯ ಕಣ್ಣು.

ಮಾಸ್ತರರ ಫೈಲ್

ಶುಕ್ರವಾರ ಮಧ್ಯಾಹ್ನ ಹೊರಡಬೇಕು ಅನ್ನುವಾಗ ಪ್ರೂಫ್ ನೋಡುವ ಮಾಸ್ತರರು ಕರೆದರು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. "ತಮ್ಮಾ, ನಂದೊಂದು ಸೇವ್ ಆಗವಲ್ದು ನೋಡು."

ಅವರ ಹೆಸರು ಪ್ರೆಸ್ ಗುಂಪಿನಲ್ಲಿತ್ತು. ಫೋಲ್ಡರ್ ಸರಿ ಇತ್ತು. ಅದೇ ಫೋಲ್ಡರ್‌ನಲ್ಲಿ ಬೇರೆ ಫೈಲ್ ಸೇವ್ ಆಗುತ್ತಿತ್ತು. ಇದೊಂದು ಆಗುತ್ತಿಲ್ಲ. ಅದೇ ಫೈಲ್ ಅವರ ಡೆಸ್ಕ್‌ಟಾಪ್‌ನಲ್ಲಿ ಸೇವ್ ಆಯಿತು. ಝಡ್ ಡ್ರೈವ್‌ಗೆ ಎಳೆದು ಹಾಕಿದರೆ ಇಲ್ಲ. ಎಲ್ಲರೂ "ಮತ್ತ ಪರ್ಮಿಷನ್ ಕೆಟ್ತು" ಅಂದರು. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ.

ಫೈಲಿನ ಹೆಸರು ಹೀಗಿತ್ತು: "ಶ್ರೀ ಮಾರುತಿ ದೇವಸ್ಥಾನ ಜೀರ್ಣೋದ್ಧಾರ ಸಮಾರಂಭ ಆಮಂತ್ರಣ ಪತ್ರಿಕೆ ಎರಡನೆಯ ತಿದ್ದುಪಡಿ ಆದ ಮೇಲಿನ ಕೊನೆಯ ಪ್ರತಿ", ಕೊನೆಗೆ ಡಾಟ್ ಡಾಕ್ಸ್. "ಫೈನಲ್ 2, ಫೈನಲ್ ಹೊಸತು" ಗೊಂದಲ ನೋಡಿ ನೋಡಿ ಮಾಸ್ತರರು ಬೇಸತ್ತಿದ್ದರು. ಇನ್ನು ಮೇಲೆ ಯಾರಿಗೂ ಸಂಶಯ ಬರಬಾರದು ಅಂತ ಪೂರ್ತಿ ಹೆಸರು ಬರೆದಿದ್ದರು. ಆ ಮೂರು ದಿನದ ಪರ್ಮಿಷನ್ ಗದ್ದಲವೇ ಈ ಉದ್ದನೆಯ ಹೆಸರಿಗೂ ಕಾರಣ.

ಸರ್ವರ್‌ನಲ್ಲಿ ಅದೇ ಹೆಸರಿನ ಖಾಲಿ ಫೈಲ್ ಮಾಡಲು ನೋಡಿದೆ. ಬಂದ ಉತ್ತರ "ಪರ್ಮಿಷನ್ ಡಿನೈಡ್" ಅಲ್ಲ. "ಫೈಲ್ ನೇಮ್ ಟೂ ಲಾಂಗ್".

ಸರ್ವರ್‌ನ ಡಿಸ್ಕ್ ಇರುವುದು ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂನಲ್ಲಿ. ಅದರಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಕ್ಷರ ಅಲ್ಲ, ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿಯೂ ಮಿತಿ 255, ಆದರೆ ಅಲ್ಲಿ ಒಂದು ಕನ್ನಡ ಚಿಹ್ನೆ ಒಂದಾಗಿಯೇ ಲೆಕ್ಕಕ್ಕೆ ಬರುತ್ತದೆ. ಲಿನಕ್ಸ್ ಹೆಸರುಗಳನ್ನು ಇಡುವುದು ಯುಟಿಎಫ್-8 ರೀತಿಯಲ್ಲಿ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೂ ಮೂರು. ಅದೂ ಅಕ್ಷರಕ್ಕಲ್ಲ, ಚಿಹ್ನೆಗೆ. ನಾವು ಒಂದೇ ಅಕ್ಷರ ಅಂದುಕೊಳ್ಳುವ "ಶ್ರೀ" ಕಂಪ್ಯೂಟರ್‌ಗೆ ನಾಲ್ಕು ಚಿಹ್ನೆ: ಶ, ಹಲಂತದ ಗುರುತು, ರ, ದೀರ್ಘ ಈಕಾರದ ಗುಣಿತ ಚಿಹ್ನೆ. ನಾಲ್ಕು ಮೂರಲೆ ಹನ್ನೆರಡು ಬೈಟ್.

ಮಾಸ್ತರರು ಪ್ರೂಫ್ ಹಾಳೆಯ ಹಿಂದೆ ಪೆನ್ಸಿಲ್ ಹಿಡಿದು ತಾವೇ ಲೆಕ್ಕ ಹಾಕಿದರು. "ಜೀರ್ಣೋದ್ಧಾರ" ಒಂದೇ ಪದ 11 ಚಿಹ್ನೆ ತಿಂದಿತ್ತು. ಒಟ್ಟು 81 ಚಿಹ್ನೆ, 243 ಬೈಟ್. ಪದಗಳ ನಡುವಿನ ಜಾಗ 12. ಕೊನೆಯ ಚುಕ್ಕೆ ಮತ್ತು ನಾಲ್ಕು ಇಂಗ್ಲಿಷ್ ಅಕ್ಷರ ಸೇರಿ 5. ಒಟ್ಟು 260. ಮಿತಿಗಿಂತ 5 ಬೈಟ್ ಜಾಸ್ತಿ.

"ನಮ್ಮ ಅಕ್ಷರ ಅಷ್ಟು ತೂಕದವೇನೋ ತಮ್ಮಾ?" ಅಂದರು. ಹೌದು ಸರ್, ಒಂದೊಂದೂ ಮೂರು ಪಾಲು ಅಂದೆ. ಕನ್ನಡದಲ್ಲಿ ಹೆಸರು ಇಡುವುದನ್ನು ಬಿಡಬೇಡಿ, ಚಿಕ್ಕದು ಮಾಡಿದರೆ ಸಾಕು ಅಂತಲೂ ಹೇಳಿದೆ. ಇಂಥ ಒಂದು ಎರರ್ ಬಂತು ಅಂತ ಫೈಲ್ ಹೆಸರನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದ ಆಫೀಸುಗಳನ್ನು ನಾನು ನೋಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ. 85 ಚಿಹ್ನೆ ಕಡಿಮೆ ಜಾಗವೇನೂ ಅಲ್ಲ.

ಅವರು ಸ್ವಲ್ಪ ಹೊತ್ತು ಹಾಳೆ ನೋಡಿದರು. ಆರ್ಡರ್ ರಿಜಿಸ್ಟರ್ ತರಿಸಿಕೊಂಡರು. ಆಮೇಲೆ ಎರಡು ಬೆರಳಿನಲ್ಲಿ ನಿಧಾನವಾಗಿ ಹೊಸ ಹೆಸರು ಟೈಪ್ ಮಾಡಿದರು: ಮೊದಲು ಆರ್ಡರ್ ನಂಬರ್, ಆಮೇಲೆ "ಮಾರುತಿ ಗುಡಿ ಆಮಂತ್ರಣ ತಿದ್ದಿದ್ದು 2". ಪೂರ್ತಿ ಹೆಸರನ್ನು ಫೈಲಿನ ಒಳಗೆ ಮೊದಲ ಸಾಲಿನಲ್ಲಿ ಬರೆದರು. ಸೇವ್ ಕೊಟ್ಟರು. ಆಯಿತು. ಪಕ್ಕದ ಟೇಬಲ್‌ನಿಂದ ಡಿಟಿಪಿಯ ಆಕೆ ಅದನ್ನೇ ತೆರೆದಳು, ಒಂದು ಅಲ್ಪವಿರಾಮ ಸೇರಿಸಿ ಸೇವ್ ಮಾಡಿದಳು. ಮಾಸ್ತರರು ಮತ್ತೆ ತೆರೆದರು. ಅಲ್ಪವಿರಾಮ ಅಲ್ಲಿತ್ತು. ಅದು ಬೇಡ ಅಂತ ತೆಗೆದು ಮತ್ತೆ ಸೇವ್ ಮಾಡಿದರು.